ಹರಳು ತೆಗೆದ ಮೇಲೆ, ಎರಡನೇ ವಾರದ ರಕ್ತ

ಬೆನ್ನಿನಲ್ಲಿ ಸಣ್ಣ ರಂಧ್ರ ಮಾಡಿ ಕಿಡ್ನಿಯ ಹರಳು ತೆಗೆಯುವ ಪಿಸಿಎನ್‌ಎಲ್‌ನಲ್ಲಿ ಒಂದಿಷ್ಟು ರಕ್ತ ಹೋಗುವುದು ಇದ್ದದ್ದೇ. ಹರಳೇ ಕಾಣದಷ್ಟು ಬಂದರೆ ನಾನು ಹಟಕ್ಕೆ ಬೀಳುವುದಿಲ್ಲ. ಬೆನ್ನಿನಿಂದ ಕಿಡ್ನಿಯೊಳಗೆ ಇಡುವ ನೆಫ್ರಾಸ್ಟಮಿ ಟ್ಯೂಬ್ ಹಾಕಿ, ಅದನ್ನು ಬಿಗಿಯಾಗಿ ಮುಚ್ಚಿ (ಕ್ಲ್ಯಾಂಪ್ ಮಾಡಿ) ಹೊರಬರುತ್ತೇನೆ. ಅಭಿಧಮನಿಯ ರಕ್ತವಾದರೆ ಒಳಗೇ ಹೆಪ್ಪುಗಟ್ಟಿ, ಆ ಒತ್ತಡಕ್ಕೇ ಸಾಮಾನ್ಯವಾಗಿ ನಿಲ್ಲುತ್ತದೆ. ಉಳಿದ ಹರಳನ್ನು ಇನ್ನೊಮ್ಮೆ ತೆಗೆದರಾಯಿತು.

ನನಗೆ ಹೆಚ್ಚು ಚಿಂತೆ ಮನೆಗೆ ಹೋದವರದು. ಒಂದೆರಡು ವಾರ ಕಳೆದ ಮೇಲೆ ಹಾನಗಲ್ಲಿನಿಂದಲೋ ಶಿರಹಟ್ಟಿಯಿಂದಲೋ ಹುಬ್ಬಳ್ಳಿಗೆ ಫೋನ್ ಬರುತ್ತದೆ: "ಸಾಹೇಬ್ರ, ರಾತ್ರಿ ಉಚ್ಚಿ ಕೆಂಪಗ ಬಂತ್ರಿ. ಈಗ ನಿಂತೈತಿ. ನಾಳೆ ಬರ್ಲೇನ್ರಿ?"

ನಾಳೆ ಬೇಡ, ಈಗಲೇ ಹೊರಡಿ ಎನ್ನುತ್ತೇನೆ. ಸೂಜಿ ಹೋದ ದಾರಿಯಲ್ಲಿ ಅಪಧಮನಿಯ ಕವಲಿಗೆ ಗಾಯವಾಗಿ ಸ್ಯೂಡೋಅನ್ಯೂರಿಸಂ ಎಂಬ ತೆಳು ಚೀಲ ಹುಟ್ಟಿರಬಹುದು. ಅದು ಒಡೆದಾಗ ಸುರಿಯುತ್ತದೆ, ಹೆಪ್ಪು ಕೂತಾಗ ನಿಲ್ಲುತ್ತದೆ, ಮತ್ತೆ ಸುರಿಯುತ್ತದೆ. ರಕ್ತ ನಿಂತ ಹೊತ್ತಿನಲ್ಲೇ ಅವರು ನನ್ನ ಕಣ್ಣೆದುರು ಇರಬೇಕು.

ಬಂದ ಕೂಡಲೇ ರಕ್ತ, ಸಲೈನ್ ಕೊಡಲು ಕೈಗೆ ಎರಡು ದಪ್ಪ ಲೈನ್, ಹೊಂದುವ ರಕ್ತಕ್ಕಾಗಿ ಕ್ರಾಸ್ ಮ್ಯಾಚಿಂಗ್, ಕಿಡ್ನಿಯ ಕೆಲಸ ನೋಡಲು ಕ್ರಿಯಾಟಿನಿನ್. ಹಿಮೋಗ್ಲೋಬಿನ್ ಮೊದಲ ಸಲ ಚೆನ್ನಾಗಿ ಕಂಡರೂ ಕೆಲವು ತಾಸು ಬಿಟ್ಟು ಮತ್ತೆ ನೋಡುತ್ತೇನೆ. ರಕ್ತ ಹೋದ ತಕ್ಷಣ ಆ ಅಂಕಿ ಇಳಿಯುವುದಿಲ್ಲ. ಮೂತ್ರ ಕಟ್ಟಿದ್ದರೆ 22 ಫ್ರೆಂಚ್ ಅಳತೆಯ ದಪ್ಪ ತ್ರೀವೇ ಕ್ಯಾಥೆಟರ್ (ಮೂರು ದಾರಿಯ ಮೂತ್ರದ ಟ್ಯೂಬ್) ಹಾಕಿ, ದೊಡ್ಡ ಸಿರಿಂಜಿನಿಂದ ಹೆಪ್ಪುಗಳನ್ನೆಲ್ಲ ಕೈಯಾರೆ ಎಳೆದು ತೆಗೆಯುತ್ತೇನೆ. ಆಮೇಲೆಯೇ ಸಲೈನ್ ಹರಿಸುವುದು. ಹೆಪ್ಪು ಉಳಿದಿರುವಾಗ ಹರಿಸಿದರೆ ಮೂತ್ರಕೋಶ ಉಬ್ಬಿ ರೋಗಿ ನರಳುತ್ತಾರೆ. ಇದು ಬೇಸರದ ಕೆಲಸವೆಂದು ಯಾರೂ ಅವಸರಿಸಬಾರದು. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಕೊಡುತ್ತೇನೆ, ಆದರೆ ಅದನ್ನೇ ನಂಬಿ ಕೂರುವುದಿಲ್ಲ.

ಬಿಪಿ ಗಟ್ಟಿಯಾಗಿದ್ದರೆ ರಕ್ತನಾಳಗಳನ್ನು ತೋರಿಸುವ ಸಿಟಿ ಆಂಜಿಯೋಗ್ರಾಂ. ಬೀಳುತ್ತಿದ್ದರೆ ಸಿಟಿಗೆ ಹೊತ್ತು ಕಳೆಯದೆ ರಕ್ತ ಕೊಡುತ್ತ ನೇರ ರಕ್ತನಾಳದ ಚಿಕಿತ್ಸೆ ನಡೆಯುವ ಕ್ಯಾಥ್ ಲ್ಯಾಬ್‌ಗೆ. ಅಲ್ಲಿನ ಡಾಕ್ಟರರು ತೊಡೆಸಂದಿನ ಅಪಧಮನಿಯಿಂದ ಸಣ್ಣ ನಳಿಕೆ ತೂರಿಸಿ, ರಕ್ತ ಸೋರುವ ಕವಲನ್ನು ಕಾಯಿಲ್ ಎಂಬ ಸಣ್ಣ ತಂತಿಸುರುಳಿಯಿಂದಲೋ ಗ್ಲೂ ಎಂಬ ಅಂಟಿನಿಂದಲೋ ಮುಚ್ಚುತ್ತಾರೆ. "ಕಿಡ್ನಿ ತಗದ ಬಿಡ್ತೀರೇನ್ರಿ?" ಎಂದು ಮನೆಯವರು ಅಳುತ್ತಾರೆ. ಕಾಗದದ ಮೇಲೆ ಕಿಡ್ನಿಯ ಚಿತ್ರ ಬರೆದು ತೋರಿಸುತ್ತೇನೆ: ಮುಚ್ಚುವುದು ಇಷ್ಟೇ ಕವಲು, ಉಳಿದ ಭಾಗ ಕೆಲಸ ಮಾಡುತ್ತಿರುತ್ತದೆ.

ಡಿಸ್ಚಾರ್ಜ್ ದಿನವೇ ಮನೆಯವರನ್ನೂ ಕೂರಿಸಿಕೊಂಡು ಹೇಳುತ್ತೇನೆ: ಮೊದಲ ಕೆಲವು ದಿನ ತಿಳಿಗೆಂಪು ಬಂದರೆ ನೀರು ಕುಡಿಸಿ. ದಟ್ಟ ಕೆಂಪು, ಹೆಪ್ಪು, ಮೂತ್ರ ಕಟ್ಟುವುದು, ತಲೆಸುತ್ತು, ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ನಡುರಾತ್ರಿಯಾದರೂ ಗಾಡಿ ಮಾಡಿಕೊಂಡು ಬನ್ನಿ. ಮೂಟೆ ಎತ್ತುವುದು, ಟ್ರ್ಯಾಕ್ಟರ್ ಓಡಿಸುವುದು ನಾನು ಹೇಳುವವರೆಗೆ ಬೇಡ. ಆಪರೇಷನ್‌ಗೆ ಮುಂಚೆ ನಿಲ್ಲಿಸಿದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಗುಳಿಗೆಗಳನ್ನು ಮತ್ತೆ ಯಾವಾಗ ಶುರು ಮಾಡಬೇಕೆಂಬುದನ್ನು ಹೃದಯದ ಡಾಕ್ಟರರನ್ನು ಕೇಳಿ, ತಾರೀಖು ಹಾಕಿ ಚೀಟಿಯಲ್ಲೇ ಬರೆದುಕೊಡುತ್ತೇನೆ.