ಮಗುವಿನ ತಲೆ ಎರೆಯುವಾಗ: ಸಿಕ್ಕು ಮೊದಲು, ನೀರು ಆಮೇಲೆ

ತಲೆ ಎರೆಯುವ ದಿನ ಮಗು ಮನೆ ಹಾರಿಹೋಗುವಂತೆ ಅಳುತ್ತದೆ ಎಂದರೆ ಬಹಳ ಸಲ ಕಾರಣ ಒಂದೇ. ಸಿಕ್ಕು ಇರುವ ತಲೆಗೇ ನೇರವಾಗಿ ನೀರು ಸುರಿದಿರುತ್ತೇವೆ. ನೀರು ಬಿದ್ದರೆ ಕೂದಲು ಉಬ್ಬುತ್ತದೆ, ಎಳೆಗೆ ಎಳೆ ಅಂಟುತ್ತದೆ, ಸಡಿಲ ಇದ್ದ ಗಂಟು ಬಿಗಿಯಾಗುತ್ತದೆ. ಅದರ ಮೇಲೆ ಶಾಂಪೂ ಹಾಕಿ ಗಸಗಸ ಉಜ್ಜಿ, ಜಳಕ ಆದಮೇಲೆ ಹಣಿಗೆ ಹಿಡಿದರೆ ಮಗು ಅಳದೆ ಇನ್ನೇನು ಮಾಡೀತು? ಜಾವಳ ಇನ್ನೂ ಆಗದ, ಮೂರು-ನಾಲ್ಕು ವರ್ಷದ ಮಗುವಿಗೆ ಕಲಬುರಗಿಯ ಬೋರ್ ನೀರಿನಲ್ಲಿ ನಾನು ತಲೆ ಎರೆಯುವ ಕ್ರಮ ಇಲ್ಲಿದೆ. ಕತ್ತರಿ ಕಾಣದ ಹುಟ್ಟುಗೂದಲಿನ ತುದಿ ತೀರ ಸಣ್ಣ. ಅದಕ್ಕೇ ಬೇಗ ಸಿಕ್ಕಾಗುತ್ತದೆ, ಅದರಲ್ಲೂ ಮಲಗಿದಾಗ ಉಜ್ಜುವ ಹಿಂದಲೆಯಲ್ಲಿ.

ಮೊದಲು ಎಣ್ಣೆ. ಭುಜದವರೆಗಿನ ಕೂದಲಿಗೆ ಒಂದು ಚಮಚ ಕೊಬ್ಬರಿ ಎಣ್ಣೆ ಸಾಕು. ಅದನ್ನೂ ಬುಡಕ್ಕಲ್ಲ, ನಡುವಿನಿಂದ ತುದಿಯವರೆಗೆ ಸವರಿ ಅರ್ಧ ಗಂಟೆ ಬಿಡುತ್ತೇನೆ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುವುದರಿಂದ ನೀರು ಬಿದ್ದಾಗ ಎಳೆ ಅಷ್ಟಾಗಿ ಉಬ್ಬುವುದಿಲ್ಲ. ಬೀದರ್ ಕಡೆಯ ಚಳಿಗೆ ಎಣ್ಣೆ ಗಟ್ಟಿಯಾಗಿದ್ದರೆ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ಇಡಿ. ಪ್ರೀತಿಯಿಂದ ಎಣ್ಣೆ ಸುರಿದು ತಲೆ ತೊಯ್ಯಿಸಿದರೆ ಅದನ್ನು ತೆಗೆಯಲು ಎರಡು ಸಲ ಶಾಂಪೂ ಬೇಕಾಗುತ್ತದೆ, ಆ ಎರಡನೇ ಉಜ್ಜಾಟದಲ್ಲಿ ಮತ್ತೆ ಸಿಕ್ಕು.

ಆಮೇಲೆ ಕೂದಲನ್ನು ನಾಲ್ಕು ಭಾಗ ಮಾಡಿ ಮೂರಕ್ಕೆ ಕ್ಲಿಪ್ ಹಾಕಿ. ಹಣಿಗೆಯ ಹಲ್ಲು ಅಗಲ ಇರಬೇಕು. ಕೈಯಲ್ಲಿರುವ ಭಾಗವನ್ನು ಗಂಟಿನ ಮೇಲ್ಗಡೆ, ಅಂದರೆ ಗಂಟಿಗೂ ಬುಡಕ್ಕೂ ನಡುವೆ, ಎರಡು ಬೆರಳಲ್ಲಿ ಬಿಗಿಯಾಗಿ ಹಿಡಿಯಿರಿ. ಈಗ ಎಷ್ಟೇ ಜಗ್ಗಿದರೂ ಆ ಎಳೆತ ನಿಮ್ಮ ಬೆರಳಿಗೆ ಹತ್ತುತ್ತದೆ, ಮಗುವಿನ ಬುಡಕ್ಕೆ ಹೋಗುವುದಿಲ್ಲ. ಇಡೀ ಕೆಲಸದಲ್ಲಿ ಇದೊಂದನ್ನೇ ಕಲಿತರೂ ಅಳು ಅರ್ಧಕ್ಕೆ ಇಳಿಯುತ್ತದೆ. ಕೆಳಗಿನ ಎರಡು ಇಂಚು ಮೊದಲು ಬಿಡಿಸಿ, ಅದು ಸಲೀಸಾದ ಮೇಲೆ ಇನ್ನೆರಡು ಇಂಚು ಮೇಲೆ ಹೋಗಿ. ಮೇಲಿನಿಂದ ಶುರು ಮಾಡಿದರೆ ಸಣ್ಣ ಗಂಟುಗಳೆಲ್ಲ ಕೆಳಗೆ ಜಾರಿ ಒಂದೇ ದೊಡ್ಡ ಉಂಡೆಯಾಗುತ್ತವೆ.

ಗಟ್ಟಿ ಗಂಟು ಸಿಕ್ಕರೆ ಹಣಿಗೆ ಬದಿಗಿಡಿ. ಒಂದು ಹನಿ ಎಣ್ಣೆ ಹಾಕಿ ಬೆರಳಲ್ಲಿ ಹಿಸುಕಿ, ಗಂಟನ್ನು ಎಡಕ್ಕೂ ಬಲಕ್ಕೂ ಅಗಲಿಸಿ. ನಂತರ ಹಣಿಗೆಯ ಕೊನೆಯ ಹಲ್ಲನ್ನು ಗಂಟಿನ ಅಂಚಿನಲ್ಲಿ ತೂರಿಸಿ ಒಂದೆರಡೇ ಎಳೆಗಳನ್ನು ಪಕ್ಕಕ್ಕೆ ಎತ್ತಿ ತೆಗೆಯಿರಿ. ನಾಲ್ಕೈದು ಎಳೆ ಹೊರಬಂದರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ. ಗುಂಗುರು ಕೂದಲಿಗೆ ಮಾತ್ರ ಕ್ರಮ ಬೇರೆ. ಅದನ್ನು ಒಣಗಿದಾಗ ಬಾಚಲೇಬಾರದು. ಒದ್ದೆ ಮಾಡಿ, ಕಂಡಿಷನರ್ ಧಾರಾಳವಾಗಿ ಹಚ್ಚಿ, ಜಾರಿಕೆ ಇರುವಾಗಲೇ ಬಿಡಿಸಬೇಕು. ಎಂಥ ಕೂದಲೇ ಆಗಲಿ, ಒದ್ದೆ ಇದ್ದಾಗ ರಬ್ಬರಿನಂತೆ ಹಿಗ್ಗಿ ತುಂಡಾಗುತ್ತದೆ, ಆದ್ದರಿಂದ ಜಾರಿಕೆ ಇಲ್ಲದೆ ಒದ್ದೆ ತಲೆಗೆ ಹಣಿಗೆ ಬೇಡ.

ಇನ್ನು ನಮ್ಮ ನೀರು. ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಸುಣ್ಣಕಲ್ಲು, ಸಿಮೆಂಟ್ ಕಾರ್ಖಾನೆಗಳು ಅಲ್ಲಿ ಇರುವುದೂ ಅದಕ್ಕೇ. ಬೋರ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚು. ಗೀಜರ್ ಕಾಯಿಲ್ ಮೇಲೆ ಬಿಳಿ ಪೊರೆ ಕೂರುತ್ತಿದ್ದರೆ ನಿಮ್ಮ ಮನೆಯ ನೀರೂ ಗಡಸು ಎಂದೇ ಲೆಕ್ಕ. ಈ ನೀರಿಗೆ ಮೈಸೋಪು ತಾಗಿದರೆ ಬೂದು ಬಣ್ಣದ ಅಂಟು ಹುಟ್ಟಿ ಕೂದಲಿಗೆ ಮೆತ್ತುತ್ತದೆ, ತಲೆ ಒಣಗಿದಾಗ ಒರಟು. ಆದ್ದರಿಂದ ತಲೆಗೆ ಸೋಪು ಖಂಡಿತ ಬೇಡ, ಮಕ್ಕಳ ಶಾಂಪೂ ಸಾಕು. ಕೊನೆಯ ಒಂದು ಲೀಟರ್ ನೀರಿಗಾಗಿ ರಾತ್ರಿಯೇ ನೀರು ಚೆನ್ನಾಗಿ ಕುದಿಸಿ ಇಡುತ್ತೇನೆ. ಬೆಳಗ್ಗೆ ತಳದಲ್ಲಿ ಬಿಳಿ ಪುಡಿ ಕೂತಿರುತ್ತದೆ, ಮೇಲಿನ ತಿಳಿನೀರನ್ನಷ್ಟೇ ಬಸಿದುಕೊಳ್ಳುತ್ತೇನೆ. ಎಲ್ಲ ಗಡಸೂ ಇದರಿಂದ ಹೋಗುವುದಿಲ್ಲ, ಆದರೂ ಕೈಗೆ ವ್ಯತ್ಯಾಸ ಗೊತ್ತಾಗುತ್ತದೆ. ಮಳೆನೀರು ಹಿಡಿದಿಟ್ಟಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ನಿಂಬೆರಸ ಹಿಂಡಿದ ನೀರು ಹಾಕುವವರಿದ್ದಾರೆ, ಮಕ್ಕಳಿಗೆ ಬೇಡ. ಚರ್ಮಕ್ಕೆ ಹತ್ತಿದ ನಿಂಬೆರಸದ ಮೇಲೆ ನಮ್ಮ ಬಿಸಿಲು ಬಿದ್ದರೆ ಸುಟ್ಟಂತೆ ಕಲೆ ಏಳಬಹುದು.

ಬಚ್ಚಲಲ್ಲಿ ಪರಸಿ ಕಲ್ಲು ಸೋಪಿನ ನೀರಿಗೆ ಜಾರುತ್ತದೆ, ರಬ್ಬರ್ ಮ್ಯಾಟ್ ಹಾಸಿ. ಏಪ್ರಿಲ್-ಮೇನಲ್ಲಿ ಮಧ್ಯಾಹ್ನ ಮೇಲಿನ ಟ್ಯಾಂಕಿನ ನೀರು ಗೀಜರ್ ಇಲ್ಲದೆಯೂ ಮಗುವಿನ ತಲೆ ಸುಡುವಷ್ಟು ಕಾದಿರುತ್ತದೆ. ಬಕೆಟ್ ತುಂಬಿದ ಮೇಲೆ ಮೊಣಕೈ ಅದ್ದಿ ನೋಡದೆ ಸುರಿಯಬೇಡಿ. ಉಗುರುಬೆಚ್ಚಗಿದ್ದರೆ ಸಾಕು.

ಮಗುವನ್ನು ಮುಂದಕ್ಕೆ ಬಗ್ಗಿಸಬೇಡಿ. ನೀರೆಲ್ಲ ಕಣ್ಣಿಗೇ ಹರಿಯುತ್ತದೆ, ಕೂದಲೂ ಮುಖದ ಮೇಲೆ ಬಿದ್ದು ಹೆಣೆದುಕೊಳ್ಳುತ್ತದೆ. ನಾನು ತೊಡೆಯ ಮೇಲೆ ಅಂಗಾತ ಮಲಗಿಸಿ, ಕತ್ತಿನ ಕೆಳಗೆ ಮಡಚಿದ ಟವೆಲ್ ಇಟ್ಟು, ಒಣಗಿದ ಸಣ್ಣ ಬಟ್ಟೆಯೊಂದನ್ನು ಮಗುವಿನ ಕೈಗೇ ಕೊಡುತ್ತೇನೆ. ಕಣ್ಣು ಮುಚ್ಚಿಕೊಳ್ಳುವುದು ಅದರ ಕೆಲಸ. ಎಡಗೈ ಅಂಗೈಯನ್ನು ಹಣೆಗೆ ಅಡ್ಡ ಹಿಡಿದು, ತಂಬಿಗೆಯಿಂದ ಹಿಂದಕ್ಕೆ ಹರಿಯುವಂತೆ ಸುರಿಯುತ್ತೇನೆ. ಪ್ರತಿ ತಂಬಿಗೆಗೂ ಮೊದಲು "ಹಾಕ್ಲಾ?" ಎಂದು ಕೇಳಿ, "ಹೂಂ" ಅಂದಮೇಲೇ ಹಾಕುವುದು. ಹೇಳದೆ ಸುರಿದ ಒಂದೇ ತಂಬಿಗೆ ಸಾಕು, ಮುಂದಿನ ವಾರ ಮಗು ಬಚ್ಚಲ ಬಾಗಿಲಲ್ಲೇ ಬೆನ್ನು ತಿರುಗಿಸುತ್ತದೆ.

ಅರ್ಧ ಚಮಚ ಶಾಂಪೂವನ್ನು ಅರ್ಧ ಲೋಟ ನೀರಿನಲ್ಲಿ ಕಲಸಿ ಬುಡಕ್ಕಷ್ಟೇ ಹಾಕಿ. ಬೆರಳ ತುದಿಯಲ್ಲಿ ಮೇಲಿಂದ ಕೆಳಕ್ಕೆ ತಿಕ್ಕಿ, ಗುಂಡಗೆ ತಿರುಗಿಸಬೇಡಿ, ಕೂದಲನ್ನು ನೆತ್ತಿಗೆ ಗುಡ್ಡೆ ಮಾಡಬೇಡಿ. ಹರಿದು ಇಳಿಯುವ ನೊರೆಯಲ್ಲೇ ತುದಿ ಸ್ವಚ್ಛವಾಗುತ್ತದೆ. ಅಂಟವಾಳ, ಸೀಗೆಕಾಯಿ ದೊಡ್ಡವರಿಗೆ ಒಳ್ಳೆಯದೇ, ಆದರೆ ಕಣ್ಣಿಗೆ ಬಿದ್ದರೆ ಬಹಳ ಉರಿ, ಆದ್ದರಿಂದ ಈ ವಯಸ್ಸಿಗೆ ನಾನು ಬಳಸುವುದಿಲ್ಲ. ಏನೇ ಬಿದ್ದರೂ ಕಣ್ಣು ಉಜ್ಜಲು ಬಿಡದೆ ಬರೀ ನೀರಿನಿಂದ ಹತ್ತು-ಹದಿನೈದು ನಿಮಿಷ ತೊಳೆಯಬೇಕು. ಕೊನೆಗೆ ಒಂದು ಚಮಚ ಕಂಡಿಷನರ್ ತುದಿಗೆ, ಎರಡು ನಿಮಿಷ, ಬೆರಳಾಡಿಸಿ ತೊಳೆದು, ಮೇಲೆ ಆ ತಿಳಿನೀರು.

ಒರೆಸಲು ಟರ್ಕಿ ಟವೆಲ್‌ಗಿಂತ ಹಳೆಯ ಧೋತರದ ಬಟ್ಟೆ ವಾಸಿ. ಒತ್ತಿ ಹಿಂಡಿ, ಉಜ್ಜಬೇಡಿ. ಪೂರ್ತಿ ಒಣಗಿದ ಮೇಲೆ ಸಡಿಲವಾಗಿ ಎರಡು ಹೆಳಲು ಹಾಕಿ ಮಲಗಿಸಿದರೆ ಮರುದಿನದ ಸಿಕ್ಕು ಬಹಳ ಕಡಿಮೆ. ಬಿಗಿ ಹೆಳಲು ಬೇಡ, ಹಣೆಯ ಅಂಚಿನ ಕೂದಲು ಬುಡಸಮೇತ ಉದುರಬಹುದು.

ಹೇನಿದ್ದರೆ ಕಂಡಿಷನರ್ ಹಚ್ಚಿದ ಒದ್ದೆ ತಲೆಗೆ ಹೇನಿನ ಹಣಿಗೆ ಆಡಿಸಿ, ಪ್ರತಿ ಸಲ ಬಿಳಿ ಬಟ್ಟೆಗೆ ಒರೆಸಿ. ಸೀರು ಒಡೆಯಲು ಒಂದು ವಾರದಿಂದ ಹತ್ತು ದಿನ ಬೇಕು, ಹಾಗಾಗಿ ಮೂರು-ನಾಲ್ಕು ದಿನಕ್ಕೊಮ್ಮೆ ಎರಡು ವಾರ ಬಿಡದೆ ಮಾಡಬೇಕು. ಸೀಮೆಎಣ್ಣೆ ಹಚ್ಚುವುದು ವಿಷ, ಬೆಂಕಿಯ ಅಪಾಯ ಬೇರೆ.

ಜ್ವರ ಬಂದು ವಾರಗಟ್ಟಲೆ ಬಾಚದಿದ್ದರೆ ಹಿಂದಲೆಯಲ್ಲಿ ಗಟ್ಟಿ ಗಂಟು ಕಟ್ಟುತ್ತದೆ. ನಮ್ಮ ಭಾಗದಲ್ಲಿ ಇದಕ್ಕೆ "ಜಡಿ ಬಂದಾದ, ದೇವ್ರದು, ಕತ್ರಿ ಹಚ್ಚಬ್ಯಾಡ್ರಿ" ಎನ್ನುವವರು ಇನ್ನೂ ಇದ್ದಾರೆ. ಹೆಣ್ಣುಮಗುವಿನ ತಲೆಯಲ್ಲಿ ಕಂಡರೆ ಯಲ್ಲಮ್ಮನಿಗೆ ಬಿಡುವ ಮಾತಿಗೂ ಇದೇ ನೆಪವಾಗುತ್ತಿತ್ತು. ಹಾಗೆ ದೇವದಾಸಿಯಾಗಿ ಬಿಡುವುದು ಕಾನೂನಿನ ಪ್ರಕಾರ ಅಪರಾಧ, ಕರ್ನಾಟಕದಲ್ಲಿ 1982ರಲ್ಲೇ ಅದಕ್ಕೆ ನಿಷೇಧ ಕಾಯ್ದೆ ಬಂತು. ಆ ಗಂಟಿನೊಳಗೆ ಇರುವುದು ಉದುರಿದ ಕೂದಲು, ಎಣ್ಣೆ, ಧೂಳು, ಬೆವರು, ಅಷ್ಟೇ. ಎಣ್ಣೆ ಹಚ್ಚಿ ಒಂದು ರಾತ್ರಿ ನೆನೆಯಲು ಬಿಟ್ಟು, ಮರುದಿನ ಅಂಚಿನಿಂದ ಬೆರಳಲ್ಲಿ ಬಿಡಿಸಿ, ಮಗು ಬೇಸತ್ತರೆ ನಿಲ್ಲಿಸಿ ಸಂಜೆಗೆ ಮುಂದುವರಿಸಿ. ಬಿಡದೇ ಇದ್ದರೆ ಚರ್ಮಕ್ಕೂ ಗಂಟಿಗೂ ನಡುವೆ ಹಣಿಗೆ ಅಡ್ಡ ಇಟ್ಟು, ಮೊಂಡು ತುದಿಯ ಕತ್ತರಿಯಿಂದ ಗಂಟನ್ನು ಅಡ್ಡಕ್ಕಲ್ಲ, ಕೂದಲಿನ ಉದ್ದಕ್ಕೆ ಎರಡು-ಮೂರು ಸೀಳು ಮಾಡಿ. ಸೀಳಿದ ಒಂದೊಂದು ತುಂಡನ್ನೂ ತುದಿಯಿಂದ ಬಿಡಿಸುತ್ತ ಬಂದರೆ ಬಹುಪಾಲು ಕೂದಲು ಉಳಿಯುತ್ತದೆ.