ಬಚ್ಚಲೊಲೆಗೆ ಕಟ್ಟಿದ ಗಂಟೆ

"ಬಚ್ಚಲೊಲೆಗೆ ತಂತಿ ಕಟ್ಟಿ ತಾಯಿಯನ್ನು ನೋಡಿಕೊಳ್ಳುತ್ತಾನಂತೆ" ಎಂದು ನಮ್ಮ ಭಾವ ಎರಡು ವರ್ಷ ಮದುವೆ ಮನೆಗಳಲ್ಲಿ, ತಿಥಿ ಊಟದ ಪಂಕ್ತಿಗಳಲ್ಲಿ ಹೇಳಿ ಎಲ್ಲರನ್ನೂ ನಗಿಸಿದರು. ಕಳೆದ ಕಾರ್ತಿಕದಲ್ಲಿ ಅವರೇ ಫೋನ್ ಮಾಡಿ, ಬೆಳಗ್ಗೆ ಬಚ್ಚಲೊಲೆ ಉರಿಯದಿದ್ದರೆ ನೆರೆಮನೆಯಲ್ಲಿ ಗಂಟೆ ಬಾರಿಸುವ ನನ್ನ ಪೆಟ್ಟಿಗೆಯನ್ನು ತಮ್ಮ ತಾಯಿಯ ಮನೆಗೂ ಒಂದು ಕೂರಿಸಿಕೊಡು ಎಂದರು. ಇನ್ನು ಬರೆಯಬಹುದು ಎನ್ನಿಸಿತು.

ನಾನು ಶಿವಮೊಗ್ಗದಲ್ಲಿ ಯುಪಿಎಸ್, ಇನ್ವರ್ಟರ್ ರಿಪೇರಿ ಮಾಡುವವನು. ಅಮ್ಮ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ರಸ್ತೆ ಬಿಟ್ಟು ಒಳಗೆ ನಾಲ್ಕೈದು ಕಿಲೋಮೀಟರ್ ದೂರದ ತೋಟದ ಮನೆಯಲ್ಲಿ, ಒಬ್ಬರೇ. ವಯಸ್ಸು 79. ಮೊಬೈಲ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಮಳೆಗಾಲದಲ್ಲಿ ಕರೆಂಟು ಹೋದರೆ ಎರಡು ದಿನಕ್ಕೋ ಮೂರು ದಿನಕ್ಕೋ ಬರುತ್ತದೆ. ಹತ್ತಿರದ ಮನೆ ಗದ್ದೆ ಬಯಲಿನ ಆಚೆ, ನೇರ ನೋಡಿದರೆ ಆರುನೂರು, ಏಳುನೂರು ಮೀಟರ್. ನಮ್ಮ ಜೊತೆ ಬಂದು ಇರು ಎಂದರೆ "ನಿನ್ನ ಬಾಡಿಗೆ ಮನೆಯ ಗೋಡೆ ನೋಡುತ್ತಾ ಕೂರಲೇ?" ಎಂದು ಒಂದೇ ಮಾತಿನಲ್ಲಿ ಮುಗಿಸಿದರು.

ಮೊದಲು ಕಳೆದುಕೊಂಡ ಹಣದ ಲೆಕ್ಕ. ಬಿದ್ದರೆ ತಾನೇ ತಿಳಿಸುವ ಕೈಗಡಿಯಾರ ತಂದೆ, ಸುಮಾರು 9,000 ರೂಪಾಯಿ. ಅಮ್ಮ ಕಲ್ಲಿನ ಮೇಲೆ ಬಟ್ಟೆ ಒಗೆದಾಗಲೆಲ್ಲ ಅದರ ಪ್ರಕಾರ ಅಮ್ಮ ಬೀಳುತ್ತಿದ್ದರು. ಸ್ನಾನಕ್ಕೆ ಹೋಗುವಾಗ, ಅಂದರೆ ನಿಜವಾಗಿ ಜಾರುವ ಜಾಗಕ್ಕೆ ಹೋಗುವಾಗ, ಬಿಚ್ಚಿಡುತ್ತಿದ್ದರು. ಆಮೇಲೆ ಕೊರಳಿಗೆ ಹಾಕುವ, ಒತ್ತಿದರೆ ಸಹಾಯಕ್ಕೆ ಕರೆ ಹೋಗುವ ಗುಂಡಿ. ಅದು ಒಂದೇ ವಾರದಲ್ಲಿ ದೇವರ ಗೂಡು ಸೇರಿ ಕುಂಕುಮ ಹಚ್ಚಿಸಿಕೊಂಡಿತು. ನಮ್ಮ ಅಮ್ಮನೊಬ್ಬರೇ ಹೀಗೆ ಎಂದುಕೊಂಡಿದ್ದೆ. 2008ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ 90 ದಾಟಿದವರ ಮೇಲೆ ನಡೆದ ಅಧ್ಯಯನ ಓದಿದ ಮೇಲೆ ಸಮಾಧಾನವಾಯಿತು. ಒಬ್ಬರೇ ಇದ್ದಾಗ ಬಿದ್ದು ಏಳಲಾಗದವರಲ್ಲಿ, ಕರೆಗುಂಡಿ ಇದ್ದೂ ಒತ್ತದವರು ನೂರಕ್ಕೆ ಎಂಬತ್ತರಷ್ಟಂತೆ.

ಮೂರನೆಯದು ಕ್ಯಾಮೆರಾ. ಗುಡ್ಡದ ನೆತ್ತಿಯಿಂದ ವೈಫೈ ಹಾಯಿಸಲು ಕಂಬ, ಬ್ಯಾಟರಿ, ಸೋಲಾರ್ ಎಲ್ಲ ಸೇರಿ ಹದಿನಾಲ್ಕು ಸಾವಿರ ದಾಟಿತು. ಮೂರನೇ ದಿನ ಕ್ಯಾಮೆರಾದ ಮೇಲೆ ಒದ್ದೆ ಸೀರೆ ಬಿತ್ತು. "ನಾನೇನು ಅಂಗಳದಲ್ಲಿ ಒಣಹಾಕಿದ ಅಡಿಕೆಯೇ, ಕಾವಲು ಕಾಯಲು?" ಎಂದರು. ಉತ್ತರ ಹುಡುಕುವಷ್ಟರಲ್ಲಿ ಮೇ ತಿಂಗಳ ಸಿಡಿಲು ಗುಡ್ಡದ ಮೇಲಿನದನ್ನೆಲ್ಲ ಸುಟ್ಟು ಹಾಕಿತು. ಒಳ್ಳೆಯದೇ ಆಯಿತು.

ಚಲನೆ ಹಿಡಿಯುವ ಪಿಐಆರ್ ಸೆನ್ಸರ್‌ಗಳನ್ನೂ ಹಾಕಿದ್ದೆ, ಒಂದಕ್ಕೆ ನೂರು ರೂಪಾಯಿಯೂ ಇಲ್ಲ. ಬೆಕ್ಕು ಮನೆಯಲ್ಲಿ ಓಡಾಡುವವರೆಗೆ ಅಮ್ಮ ಕ್ಷೇಮವಾಗಿದ್ದಾರೆ ಎಂದೇ ಅದು ಹೇಳುತ್ತಿತ್ತು.

ದಾರಿ ಹೊಳೆದದ್ದು ಜಪಾನಿನ ಒಂದು ಕೆಟಲಿನಿಂದ. ಜೊಜಿರುಶಿ ಕಂಪನಿ 2001ರಲ್ಲೇ ಇಂಥದೊಂದು ತಂದಿತ್ತು. ಒಂಟಿ ಅಜ್ಜಿ ಚಹಾಕ್ಕೆ ನೀರು ಬಗ್ಗಿಸಿಕೊಂಡರೆ ದೂರದ ಮಗನಿಗೆ ಗೊತ್ತಾಗುತ್ತದೆ. ಮೈಮೇಲೆ ಏನೂ ಹಾಕಿಕೊಳ್ಳಬೇಕಿಲ್ಲ, ಏನೂ ಒತ್ತಬೇಕಿಲ್ಲ. ನಮ್ಮ ಅಮ್ಮ ಯಾವುದನ್ನು ತಪ್ಪಿಸುವುದಿಲ್ಲ ಎಂದು ಒಂದು ರಾತ್ರಿ ಯೋಚಿಸಿದೆ. ಕಾಫಿ ಕೆಲವು ದಿನ ತಡವಾಗುತ್ತದೆ. ಏಕಾದಶಿಗೆ ಅಡುಗೆ ಇಲ್ಲ. ನಲ್ಲಿಗೆ ಮೀಟರ್ ಹಾಕೋಣವೆಂದರೆ ಗುಡ್ಡದಿಂದ ತಾನೇ ಇಳಿದು ಬರುವ ಅಬ್ಬಿ ನೀರು, ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಬಚ್ಚಲೊಲೆಗೆ ಬೆಂಕಿ ಮಾತ್ರ, ಜ್ವರವಿದ್ದರೂ, ಬೆಳಗ್ಗೆ ಐದೂವರೆಗೆ ಬೀಳಲೇಬೇಕು.

ಡಿಎಸ್18ಬಿ20 ತಾಪಮಾಪಕವನ್ನು ಹಂಡೆಗೆ ಕಟ್ಟಿದೆ. ಮೊದಲನೆಯದರ ತಂತಿಯ ಹೊದಿಕೆ ಕರಗಿ ಒಲೆಯೊಳಗೆ ಸುರಿಯಿತು. ಎರಡನೆಯದು ಮಸಿಯಲ್ಲಿ ಮುಚ್ಚಿಹೋಯಿತು. ಮೂರನೆಯದನ್ನು ಭೂತವೇ ಹೊತ್ತೊಯ್ದಿತೋ ಏನೋ, ಬರೀ ತಂತಿ ನೇತಾಡುತ್ತಿತ್ತು. ಈಗ ಎಲ್ಲಿ ಕೂರಿಸುತ್ತೇನೆ, ಏನಿಟ್ಟು ಅಂಟಿಸುತ್ತೇನೆ ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಏಳು ಹಂಡೆ ಸುಟ್ಟುಕೊಂಡು ಕಲಿತದ್ದು. ಅಡುಗೆ ಮನೆಯಲ್ಲೇ ಸಿಗುವ ವಸ್ತು ಎಂದಷ್ಟು ಹೇಳಬಲ್ಲೆ.

ನಿಜವಾದ ಪಾಠ ಬೇರೆ. "ಐವತ್ತು ಡಿಗ್ರಿ ದಾಟಿದರೆ ಒಲೆ ಉರಿದಿದೆ" ಎಂದು ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ ಬರೆದಿದ್ದೆ. ರಾತ್ರಿಯ ಕೆಂಡ ಬೂದಿಯೊಳಗೆ ಉಳಿದು ಹಂಡೆಯನ್ನು ಬೆಳಗಿನವರೆಗೂ ನಲವತ್ತು ನಲವತ್ತೈದರಲ್ಲಿ ಇಡುತ್ತದೆ. ಬೇಸಿಗೆಯಲ್ಲಿ ಒಮ್ಮೊಮ್ಮೆ ಬೆಂಕಿ ಹಾಕುವ ಮೊದಲೇ ಐವತ್ತು. ಹಾಗಾಗಿ ಬಿಸಿ ಎಷ್ಟಿದೆ ಎಂದು ನೋಡುವುದನ್ನು ಬಿಟ್ಟು, ಎಷ್ಟು ಬೇಗ ಏರುತ್ತಿದೆ ಎಂದು ನೋಡತೊಡಗಿದೆ. ಇಪ್ಪತ್ತು ನಿಮಿಷದಲ್ಲಿ ಆರು ಡಿಗ್ರಿ ಏರಿದರೆ ಹೊಸ ಬೆಂಕಿ. ಆಷಾಢದ ಹಸಿ ಸೌದೆಗೆ ನಾಲ್ಕು ಸಾಕು ಎಂದು ಆಮೇಲೆ ಇಳಿಸಿದೆ. ಜೊತೆಗೆ ಹಿತ್ತಿಲ ಬಾಗಿಲಿಗೆ ಒಂದು ರೀಡ್ ಸ್ವಿಚ್, ಆಯಸ್ಕಾಂತ ಹತ್ತಿರ ಬಂತೇ ದೂರ ಹೋಯಿತೇ ಎಂಬುದರಿಂದ ಬಾಗಿಲು ತೆರೆದದ್ದು ಮುಚ್ಚಿದ್ದು ತಿಳಿಸುವಂಥದ್ದು. ಬೆಳಗ್ಗೆ 6.45ರ ಒಳಗೆ ಒಲೆ ಉರಿಯದಿದ್ದರೆ ಗಂಟೆ. ಬಾಗಿಲು ತೆರೆದು ಒಂದು ತಾಸಾದರೂ ಮುಚ್ಚದೆ, ಒಲೆಯೂ ತಣ್ಣಗಿದ್ದರೆ ಅಷ್ಟು ಹೊತ್ತು ಕಾಯದೆ ಗಂಟೆ.

ಗಂಟೆ ಎಲ್ಲಿ ಬಾರಿಸಬೇಕು? ಮೊದಲು ನನ್ನ ಮೊಬೈಲಿಗೆ ಎಂದು ಹೊರಟಿದ್ದೆ. ಶಿವಮೊಗ್ಗದಲ್ಲಿ ಕೂತ ನನಗೆ ತಿಳಿದು ಏನು ಪ್ರಯೋಜನ, ಹೋಗಿ ಮುಟ್ಟಲು ಎರಡು ತಾಸು. ಗದ್ದೆ ಆಚೆಯ ಮನೆಯ ಜಗಲಿಗೇ ಗಂಟೆ ಕಟ್ಟಿದೆ. ನಡುವೆ ಲೋರಾ ರೇಡಿಯೋ, ಅಂದರೆ ಕಡಿಮೆ ವಿದ್ಯುತ್ತಿನಲ್ಲಿ ಪುಟ್ಟ ಸಂದೇಶಗಳನ್ನು ದೂರ ಕಳಿಸುವಂಥದ್ದು. ನಮ್ಮಲ್ಲಿ 865ರಿಂದ 868 ಮೆಗಾಹರ್ಟ್ಸ್‌ಗೆ ಲೈಸೆನ್ಸ್ ಬೇಡ. ಅಂಗಡಿಯವನು 915 ಮೆಗಾಹರ್ಟ್ಸ್‌ನ ರೇಡಿಯೋ ಮಾಡ್ಯೂಲ್ ಕಳಿಸಿ ಮೂರು ವಾರ ಹಾಳುಮಾಡಿದ. ಬೇಸಿಗೆಯಲ್ಲಿ ಚೆನ್ನಾಗಿ ದಾಟುತ್ತಿದ್ದ ಸಂದೇಶ ಜೂನ್ ಮಳೆಗೆ ಅರ್ಧಕ್ಕರ್ಧ ಕಳೆದುಹೋಯಿತು. ಒದ್ದೆ ಅಡಿಕೆ ತೋಟವೆಂದರೆ ರೇಡಿಯೋಗೆ ನೀರಿನ ಗೋಡೆ. ಆಂಟೆನಾ ಎತ್ತರಿಸಲು ಭಾವನ ಅಡಿಕೆ ಕೊಯ್ಯುವ ಹಳೆಯ ಕಾರ್ಬನ್ ಫೈಬರ್ ದೋಟಿ ತಂದು ಅದಕ್ಕೇ ಕಟ್ಟಿದೆ. ಇನ್ನೂ ಕೆಟ್ಟಿತು! ಕಾರ್ಬನ್ ವಿದ್ಯುತ್ ಹರಿಸುತ್ತದೆ ಎಂಬುದು ನನ್ನ ಕಸುಬಿನವನಿಗೆ ಹೊಳೆಯದೆ ಹೋಯಿತಲ್ಲ ಎಂದು ಈಗಲೂ ನಾಚಿಕೆ. ಕೊನೆಗೆ, ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನಿಗೆ ಐನೂರು ರೂಪಾಯಿ ಕೊಟ್ಟು, ತೋಟದ ಅಂಚಿನ ಮರವೊಂದರ ಮೇಲೆ ಬಿದಿರಿನ ಗಳ ಕಟ್ಟಿಸಿ ಅದರ ತುದಿಗೆ ಆಂಟೆನಾ ಏರಿಸಿದೆ. ಆಮೇಲೆ ನೂರರಲ್ಲಿ ತೊಂಬತ್ತೈದು ದಾಟುತ್ತಿವೆ.

ಅರ್ಧ ಗಂಟೆಗೊಮ್ಮೆ ಅಮ್ಮನ ಮನೆಯ ಪೆಟ್ಟಿಗೆ "ಇದ್ದೇನೆ" ಎಂದು ಕೂಗಬೇಕು. ಮೂರು ಕೂಗು ತಪ್ಪಿದರೆ ಆಚೆ ಮನೆಯಲ್ಲಿ ಹಳದಿ ದೀಪ. ಇದಿಲ್ಲದ ಯಂತ್ರವನ್ನು ನಂಬಬೇಡಿ, ಕೆಟ್ಟು ಸುಮ್ಮನಿರುವ ಪೆಟ್ಟಿಗೆಯೂ ಎಲ್ಲ ಸರಿಯಿದೆ ಎಂದೇ ಹೇಳುತ್ತದೆ. ನಾನಿದನ್ನು ಕಲಿತದ್ದು ಇರುವೆಗಳಿಂದ. ಒಳಗೆ ಗೂಡು ಕಟ್ಟಿ ಮೊಟ್ಟೆಯಿಟ್ಟಿದ್ದವು. ಹನ್ನೊಂದು ದಿನ ನನಗೆ ಗೊತ್ತೇ ಇರಲಿಲ್ಲ. ವಿದ್ಯುತ್ತಿಗೆ ಮತ್ತೆ ಮತ್ತೆ ಚಾರ್ಜ್ ಮಾಡಬಹುದಾದ ಒಂದೇ 18650 ಲಿಥಿಯಂ ಸೆಲ್. ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ ಅದನ್ನು ಹದಿನೈದು ದಿನದಲ್ಲಿ ಕುಡಿದು ಮುಗಿಸುತ್ತಿತ್ತು. ಅದಕ್ಕಿಂತ ಸರಳವಾದ ಪ್ರೊ ಮಿನಿ ಬೋರ್ಡ್ ತೆಗೆದುಕೊಂಡು, ಅದರ ದೀಪ, ರೆಗ್ಯುಲೇಟರ್ ಎರಡನ್ನೂ ಕಿತ್ತ ಮೇಲೆ ಏಳೆಂಟು ತಿಂಗಳು ಬರುತ್ತಿದೆ.

ಕರೆ ಆಚೆ ಮನೆಗೆ ಹೋಗುವ ಮೊದಲು ಅಮ್ಮನ ಮನೆಯಲ್ಲೇ ಹತ್ತು ನಿಮಿಷ ಸಣ್ಣ ಗಂಟೆ ಬಡಿಯುತ್ತದೆ. ಬರೀ ಮೈಮರೆವಾಗಿದ್ದರೆ ದಾರ ಎಳೆದು ನಿಲ್ಲಿಸಬಹುದು. ಒತ್ತುವ ಗುಂಡಿಯಲ್ಲ, ದಾರ. ಗಂಟು ನೋವಿನ ಬೆರಳಿಗೆ ಅದೇ ಸುಲಭ. ಅದೇ ದಾರವನ್ನು ಎರಡು ಸಲ ಎಳೆದರೆ ತಕ್ಷಣ ಕರೆ. ದಾರ ನೆಲದಿಂದ ಒಂದು ಗೇಣು ಮೇಲಿನವರೆಗೂ ಇಳಿದಿರಬೇಕು, ಬಿದ್ದವರು ಮಲಗಿದ್ದಲ್ಲಿಂದ ಎಳೆಯುವಂತೆ.

ಎರಡು ವರ್ಷದ ಹಿಂದಿನ ನರಕ ಚತುರ್ದಶಿಯ ಪ್ರಸಂಗ ಹೇಳಲೇಬೇಕು. ಹಿಂದಿನ ಸಂಜೆ ಅಮ್ಮ ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ನೀರು ತುಂಬಿ, ಹಿಂಡಲೆ ಬಳ್ಳಿ ಸುತ್ತಿದ್ದರು. ಸೆನ್ಸರನ್ನೂ ತಿಕ್ಕಿ ಹೊಳೆಯಿಸಿದ್ದರು, ಅದು ಬದುಕಿ ಉಳಿಯಿತು. ಬೆಂಕಿ ಹಾಕಿದ್ದು ಬೆಳಗಿನ ಜಾವ ಮೂರಕ್ಕೆ. ನನ್ನ ಲೆಕ್ಕ ಶುರುವಾಗುತ್ತಿದ್ದದ್ದು ನಾಲ್ಕೂವರೆಗೆ. ಆಗಲೇ ನೀರು ಕುದಿಯುತ್ತಿತ್ತು, ಇನ್ನು ಏರುವುದೇನು? ಅಮ್ಮ ಪೂಜೆಯಲ್ಲಿದ್ದುದರಿಂದ ಸಣ್ಣ ಗಂಟೆ ದೇವರ ಗಂಟೆಯಲ್ಲಿ ಸೇರಿಹೋಯಿತು. ಆಚೆ ಮನೆಯ ಯಜಮಾನರು ಮೈತುಂಬ ಎಣ್ಣೆ ಬಳಿದುಕೊಂಡು, ಒಂದು ಪಂಚೆಯಲ್ಲಿ ಗದ್ದೆ ದಾಟಿ ಓಡಿಬಂದರು. ಭಾವನ ಭಂಡಾರಕ್ಕೆ ಇನ್ನೊಂದು ಕಥೆ. ಈಗ ಲೆಕ್ಕ ಎರಡು ಗಂಟೆಗೇ ಶುರು.

ನಡುವೆ ಅಡ್ಡಪ್ರಯೋಗಗಳೂ ಆದವು. 2017ರಲ್ಲಿ ಶುರುವಾದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಒಬ್ಬ ಅಜ್ಜನಿಗೆ ಊರುಗೋಲು ಸಿಕ್ಕಿತ್ತು. ಅದರೊಳಗೆ ವಾಲುವ ಸ್ವಿಚ್ ಇಟ್ಟು, ಕೋಲು ಬಿದ್ದರೆ ಅಜ್ಜ ಬಿದ್ದಂತೆ ಎಂದೆ. ಅಜ್ಜ ಕೋಲನ್ನು ಕಟ್ಟೆಯ ಮೇಲೆ ಅಡ್ಡ ಮಲಗಿಸಿಯೇ ಕೂರುವವರು. ಒಂದೇ ದಿನಕ್ಕೆ ಕಿತ್ತೆ. ಕಿವಿ ಕೇಳದ ಇನ್ನೊಬ್ಬರ ಮನೆಯಲ್ಲಿ ಗಂಟೆಯ ಬದಲು ದೀಪ ಹಾಕಿ, ಹಾಳಾದ ಮೊಬೈಲಿನ ನಡುಗುವ ಮೋಟರನ್ನು ದಿಂಬಿನ ಕೆಳಗೆ ಇಟ್ಟೆ. ಅದು ಚೆನ್ನಾಗಿ ನಡೆಯುತ್ತಿದೆ.

ಕಳೆದ ಶ್ರಾವಣದಲ್ಲಿ ಪರೀಕ್ಷೆಯೂ ಆಯಿತು. ಸೌದೆ ತರಲು ಹಿತ್ತಿಲಿಗೆ ಹೋದ ಅಮ್ಮ ಜಾರದಿರಲೆಂದು ಅಡಿಕೆ ದಬ್ಬೆ ಹಾಸಿದ ದಾರಿ ಬಿಟ್ಟು ಪಾಚಿಯ ಮೇಲೆ ಕಾಲಿಟ್ಟಿದ್ದರು. ಐದು ಕಾಲಿಗೆ ಬಾಗಿಲು ತೆರೆದದ್ದು ದಾಖಲಾಗಿದೆ, ಮುಚ್ಚಿದ್ದು ಇಲ್ಲ. ಆರೂವರೆಯ ಹೊತ್ತಿಗೆ ಆಚೆ ಮನೆಯವರ ಸೊಸೆ ಕೊಡೆ ಹಿಡಿದು ಹಿತ್ತಿಲಲ್ಲಿದ್ದಳು. "ಅಯ್ಯೋ ದೊಡ್ಡಮ್ಮ!" ಎಂದು ಕೂಗಿದರೆ, ಅಮ್ಮ ಕೆಸರಿನಲ್ಲಿ ಕೂತುಕೊಂಡೇ "ಮೊದಲು ಒಲೆಗೆ ಬೆಂಕಿ ಹಾಕು, ಅದು ಬಡಿದುಕೊಳ್ಳುತ್ತದೆ" ಎಂದರಂತೆ. ಪಾದ ಉಳುಕಿತ್ತು, ಮೂಳೆ ಮುರಿದಿರಲಿಲ್ಲ.

ಹಾಳುಮಾಡಿದ್ದು ಒಟ್ಟು ಮೂವತ್ತೈದು ಸಾವಿರದ ಹತ್ತಿರ. ಈಗ ಎರಡೂ ಕಡೆಯ ಪೆಟ್ಟಿಗೆ ಸೇರಿ 3,500 ರೂಪಾಯಿ ಆಸುಪಾಸಿನಲ್ಲಿ ಕಟ್ಟುತ್ತೇನೆ, ತಿಂಗಳ ಬಾಡಿಗೆಯಿಲ್ಲ. ಒಂಬತ್ತು ಮನೆಯಲ್ಲಿ ನಡೆಯುತ್ತಿದೆ. ಭಾವನ ತಾಯಿಯ ಮನೆ ಹತ್ತನೆಯದು, ಅಲ್ಲೇ ಈಗ ಸಿಕ್ಕಿಹಾಕಿಕೊಂಡಿದ್ದೇನೆ. ಅವರು ಹಂಡೆ ತೆಗೆಸಿ ಸೋಲಾರ್ ಹಾಕಿಸಿದ್ದಾರೆ, ಬೆಂಕಿಯೇ ಇಲ್ಲ. ಅಜ್ಜಿ ಎದ್ದ ಕೂಡಲೇ ಮಾಡುವುದು ಎಲೆಯಡಿಕೆ ಹಾಕಿಕೊಳ್ಳುವ ಕೆಲಸ. ಹಾಗಾಗಿ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಪುಟ್ಟ ಆಯಸ್ಕಾಂತ ಅಂಟಿಸಿ ಬಂದಿದ್ದೇನೆ. ಭಾವನಿಗೆ ಇನ್ನೂ ಹೇಳಿಲ್ಲ.