ಮನೆ ಬಿಯರಿಗೆ ಕೆಗ್ಗು: ಗ್ಯಾಸ್ ಹಿಡಿಸುವ ಲೆಕ್ಕ, ನೊರೆಯ ತಕರಾರು

ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ಬಿಯರನ್ನು ಬಾಟಲಿಗೆ ಇಳಿಸಬೇಕೆಂದರೆ 355 ಮಿಲಿಲೀಟರಿನ ಐವತ್ತಕ್ಕೂ ಹೆಚ್ಚು ಬಾಟಲಿ ತೊಳೆಯಬೇಕು, ಸಕ್ಕರೆ ಅಳೆಯಬೇಕು, ಒಂದೊಂದಕ್ಕೂ ಮುಚ್ಚಳ ಒತ್ತಬೇಕು, ಆಮೇಲೆ ಎರಡು ಮೂರು ವಾರ ಕಾಯಬೇಕು. ಕೆಗ್, ಅಂದರೆ ಒತ್ತಡ ತಡೆಯುವ ಮುಚ್ಚಳವಿರುವ ಲೋಹದ ಪೀಪಾಯಿ ಆದರೆ ತೊಳೆಯುವುದು ಒಂದೇ ಪಾತ್ರೆ. ಗ್ಯಾಸ್ (ಬಿಯರಿಗೆ ಗುಳ್ಳೆ ಕೊಡುವ ಕಾರ್ಬನ್ ಡೈಆಕ್ಸೈಡ್) ಎಷ್ಟು ಹಿಡಿಯಬೇಕು ಎನ್ನುವುದೂ ನಮ್ಮ ಕೈಯಲ್ಲೇ ಇರುತ್ತದೆ. ಅಮೆರಿಕದಲ್ಲಿ ನೆಲೆಸಿ, ಗ್ಯಾರೇಜಿನಲ್ಲೋ ಅಡುಗೆಮನೆಯಲ್ಲೋ ಬಿಯರ್ ಮಾಡುವ ಕನ್ನಡದ ಓದುಗರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಅಲ್ಲಿ ಇದು ಕಾನೂನುಬದ್ಧ. 1978ರಲ್ಲಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾಯ್ದೆಯಿಂದಾಗಿ ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ಬಿಯರನ್ನು ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಮಾರುವಂತಿಲ್ಲ. ಕೊನೆಗೆ ಒಪ್ಪಿಕೊಂಡ ರಾಜ್ಯಗಳು ಮಿಸಿಸಿಪ್ಪಿ ಮತ್ತು ಅಲಬಾಮ, ಅದೂ 2013ರಲ್ಲಿ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯಡಿ ಅಪರಾಧ. ರಜೆಗೆ ಊರಿಗೆ ಬಂದಾಗ ಈ ಕೈಚಳಕ ತೋರಿಸಲು ಹೋಗಬೇಡಿ.

ಏನೇನು ಬೇಕು

ಮನೆಯಲ್ಲಿ ಬಿಯರ್ ಮಾಡುವವರು ಬಳಸುವುದು ‘ಕಾರ್ನಿ ಕೆಗ್’ ಎಂಬ ಸ್ಟೇನ್‌ಲೆಸ್ ಸ್ಟೀಲ್ ಪಾತ್ರೆ. ಸೋಡಾ ಕಂಪನಿಗಳಿಗಾಗಿ ಇದನ್ನು ಮಾಡುತ್ತಿದ್ದ ಕಾರ್ನೀಲಿಯಸ್ ಕಂಪನಿಯ ಹೆಸರೇ ಮೊಟಕಾಗಿ ಕಾರ್ನಿ ಆಯಿತು. ಪೈಪು ಸಿಕ್ಕಿಸುವ ಬಗೆಯಲ್ಲಿ ಎರಡು ಜಾತಿ: ಪೆಪ್ಸಿ ಬಳಸುತ್ತಿದ್ದದ್ದು ಬಾಲ್ ಲಾಕ್, ಕೋಕಾ-ಕೋಲಾದ್ದು ಪಿನ್ ಲಾಕ್. ಬಾಲ್ ಲಾಕ್ ತುಸು ಎತ್ತರ, ಸಪೂರ. ಪಿನ್ ಲಾಕ್ ಕುಳ್ಳು, ದಪ್ಪ. ಹೊಸದಾಗಿ ಶುರು ಮಾಡುವವರು ಬಾಲ್ ಲಾಕ್ ತೆಗೆದುಕೊಳ್ಳುವುದೇ ವಾಸಿ: ಬಿಡಿಭಾಗ ಸುಲಭವಾಗಿ ಸಿಗುತ್ತದೆ, ಮುಚ್ಚಳದಲ್ಲಿ ಎಳೆದು ಗ್ಯಾಸ್ ಬಿಡುವ ವಾಲ್ವ್ ಇರುತ್ತದೆ. ಹಳೆಯ ಪಿನ್ ಲಾಕ್ ಮುಚ್ಚಳಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ.

ಕೆಗ್ಗಿನ ತಲೆಯ ಮೇಲೆ ಎರಡು ಪೋಸ್ಟ್, ಅಂದರೆ ಪೈಪು ಸಿಕ್ಕಿಸುವ ಮೂತಿ. ಗ್ಯಾಸ್ ಪೋಸ್ಟಿನ ಕೆಳಗೆ ಗಿಡ್ಡ ಕೊಳವೆ, ಬಿಯರ್ ಪೋಸ್ಟಿನ ಕೆಳಗೆ ತಳ ಮುಟ್ಟುವ ಉದ್ದ ಕೊಳವೆ. ಬಾಲ್ ಲಾಕ್‌ನಲ್ಲಿ ಗ್ಯಾಸ್ ಪೋಸ್ಟಿನ ಬುಡದಲ್ಲಿ ಸಣ್ಣ ಕಚ್ಚು ಕೊರೆದಿರುತ್ತಾರೆ, ಗುರುತು ಅದೇ. ಸಿಕ್ಕಿಸುವ ಕನೆಕ್ಟರುಗಳಲ್ಲಿ ಬೂದು ಅಥವಾ ಬಿಳಿ ಬಣ್ಣದ್ದು ಗ್ಯಾಸಿಗೆ, ಕಪ್ಪು ಬಿಯರಿಗೆ. ಅದಲುಬದಲು ಮಾಡಿ ಒತ್ತಿ ಕೂರಿಸಿದರೆ ಸಿಕ್ಕಿಹಾಕಿಕೊಂಡು ಆಮೇಲೆ ಕೀಳುವುದೇ ಒಂದು ಕೆಲಸವಾಗುತ್ತದೆ.

ಇದರ ಜೊತೆಗೆ 5 ಪೌಂಡಿನ (2.27 ಕಿಲೋ) ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್, ಸಿಲಿಂಡರಿನ ಕಡೆಗೊಂದು, ಕೆಗ್ಗಿನ ಕಡೆಗೊಂದು ಒತ್ತಡದ ಮೀಟರ್ ಇರುವ ರೆಗ್ಯುಲೇಟರ್, 4.8 ಮಿಲಿಮೀಟರ್ ಒಳ ಅಳತೆಯ ಬಿಯರ್ ಪೈಪು ಮೂರು ಮೀಟರ್, ನಲ್ಲಿ, ಕೆಗ್ ನಿಲ್ಲುವಷ್ಟು ಎತ್ತರದ ಫ್ರಿಜ್. ಸಿಲಿಂಡರಿಗೂ ರೆಗ್ಯುಲೇಟರಿಗೂ ನಡುವೆ ಒಂದು ನೈಲಾನ್ ವಾಷರ್ ಬರುತ್ತದೆ. ಮೂರು ಕಾಸಿನ ವಸ್ತು. ಅದನ್ನು ಮರೆತವರ ಸಿಲಿಂಡರ್ ಬೆಳಗಾಗುವಷ್ಟರಲ್ಲಿ ಖಾಲಿ.

ತೊಳೆಯುವುದು, ರಿಂಗ್ ಬದಲಿಸುವುದು

ಸೆಕೆಂಡ್ ಹ್ಯಾಂಡ್ ಕೆಗ್ ತಂದರೆ ಮೊದಲು ವಾಲ್ವ್ ಎಳೆದು ಒಳಗಿನ ಒತ್ತಡ ಪೂರ್ತಿ ಬಿಡಿ. ಒತ್ತಡ ಇರುವಾಗ ಪೋಸ್ಟ್ ಬಿಚ್ಚಿದರೆ ಅದು ಮುಖಕ್ಕೆ ಹಾರುತ್ತದೆ. ಆಮೇಲೆ ಎಲ್ಲವನ್ನೂ ಬಿಚ್ಚಿ ಐದು ರಬ್ಬರ್ ರಿಂಗುಗಳನ್ನೂ ಬದಲಿಸಿ: ಮುಚ್ಚಳಕ್ಕೆ ದೊಡ್ಡದೊಂದು, ಪೋಸ್ಟಿನ ಹೊರಗೆ ಎರಡು, ಕೊಳವೆಗಳ ಕುತ್ತಿಗೆಗೆ ಎರಡು. ರಬ್ಬರು ವಾಸನೆ ಹೀರಿಕೊಳ್ಳುತ್ತದೆ. ಹಿಂದೆ ರೂಟ್ ಬಿಯರ್ ಸೋಡಾ ತುಂಬಿದ್ದ ಕೆಗ್ ಆದರೆ ಎಷ್ಟು ತೊಳೆದರೂ ಆ ಘಮ ನಿಮ್ಮ ಲಾಗರ್ ಬಿಯರಿಗೆ ಬಂದೇ ಬರುತ್ತದೆ.

ಲೀಟರಿಗೆ ಏಳೆಂಟು ಗ್ರಾಂ ಲೆಕ್ಕದಲ್ಲಿ ಪಿಬಿಡಬ್ಲ್ಯೂ ಎಂಬ ತೊಳೆಯುವ ಪುಡಿಯನ್ನು ಬಿಸಿನೀರಿಗೆ ಹಾಕಿ ಅರ್ಧ ಗಂಟೆ ನೆನೆಸಿ, ಉದ್ದ ಕೊಳವೆಯೊಳಗೆ ಸಪೂರ ಬ್ರಷ್ ಆಡಿಸಿ ತೊಳೆಯಿರಿ. ಬ್ಲೀಚಿಂಗ್ ದ್ರಾವಣದ ಹತ್ತಿರ ಹೋಗಬೇಡಿ, ಕ್ಲೋರಿನ್ ಸ್ಟೇನ್‌ಲೆಸ್ ಸ್ಟೀಲನ್ನೂ ತಿಂದು ಸಣ್ಣ ಗುಳಿ ಮಾಡುತ್ತದೆ. ರಿಂಗುಗಳಿಗೆ ಆಹಾರಕ್ಕೆ ಯೋಗ್ಯವಾದ ಕೆಗ್ ಗ್ರೀಸ್ ತೆಳ್ಳಗೆ ಸವರಿ ಜೋಡಿಸಿ. ಕೊನೆಗೆ 19 ಲೀಟರ್ ನೀರಿಗೆ 30 ಮಿಲಿ ಸ್ಟಾರ್ ಸ್ಯಾನ್ ಎಂಬ ಕ್ರಿಮಿನಾಶಕ ಬೆರೆಸಿ ಕೆಗ್ಗನ್ನು ಕಂಠಮಟ್ಟ ತುಂಬಿಸಿ. ಅದರ ನೊರೆ ನೋಡಿ ಗಾಬರಿ ಬೇಡ, ನೀರಿನಲ್ಲಿ ಮತ್ತೆ ಜಾಲಿಸುವುದೂ ಬೇಡ.

ಈ ದ್ರಾವಣವನ್ನು ಸುಮ್ಮನೆ ಚೆಲ್ಲಬೇಡಿ. ಮುಚ್ಚಳ ಹಾಕಿ, ಗ್ಯಾಸ್ ಪೋಸ್ಟಿಗೆ ಕಡಿಮೆ ಒತ್ತಡದ ಗ್ಯಾಸ್ ಕೊಟ್ಟು, ಬಿಯರ್ ಪೋಸ್ಟಿನಿಂದ ಪೂರ್ತಿ ಹೊರಗೆ ತಳ್ಳಿಸಿ. ದ್ರಾವಣ ಖಾಲಿಯಾದ ಜಾಗದಲ್ಲಿ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ತುಂಬಿರುತ್ತದೆ. ಹುದುಗು ಮುಗಿದ ಬಿಯರಿಗೆ ಆಮ್ಲಜನಕದಷ್ಟು ದೊಡ್ಡ ವೈರಿ ಇನ್ನೊಂದಿಲ್ಲ. ಹಾಪ್ಸ್ (ಕಹಿ, ಘಮ ಕೊಡುವ ಹೂವು) ಜಾಸ್ತಿ ಹಾಕಿದ ಮಂಜು ಮಂಜಾದ ಐಪಿಎ ಬಗೆಯ ಬಿಯರ್ ಅಂತೂ ಕೆಲವೇ ದಿನಗಳಲ್ಲಿ ಕಂದು ತಿರುಗಿ ನೆನೆದ ರಟ್ಟಿನ ರುಚಿಗೆ ಬರುತ್ತದೆ.

ಬಿಯರ್ ಇಳಿಸುವುದು

ಬಿಯರಿನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದರೆ ಹುದುಗು ಮುಗಿದಿದೆ ಎಂದರ್ಥ. ಎರಡು ದಿನ 1–3 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಟ್ಟರೆ ಈಸ್ಟು ತಳಕ್ಕೆ ಕೂರುತ್ತದೆ. ತಣ್ಣಗಾಗುವಾಗ ಪಾತ್ರೆ ಗ್ಯಾಸ್ ಹೊರಬಿಡಲೆಂದು ಇಟ್ಟ ಏರ್‌ಲಾಕಿನ ಮೂಲಕ ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ, ಅಲ್ಲೊಂದು ಗ್ಯಾಸ್ ತುಂಬಿದ ಬಲೂನು ಕಟ್ಟಿದರೆ ಒಳ್ಳೆಯದು.

ಹುದುಗಿನ ಪಾತ್ರೆಯನ್ನು ಮೇಜಿನ ಮೇಲಿಟ್ಟು, ಪೈಪನ್ನು ಕೆಗ್ಗಿನ ಬಿಯರ್ ಪೋಸ್ಟಿಗೆ ಸಿಕ್ಕಿಸಿ. ಬಿಯರ್ ತಳದಿಂದ ಸದ್ದಿಲ್ಲದೆ ಏರುತ್ತದೆ. ಗ್ಯಾಸ್ ಪೋಸ್ಟಿನಿಂದ ಇನ್ನೊಂದು ಪೈಪು ಹಾಕಿ ಹುದುಗಿನ ಪಾತ್ರೆಯ ತಲೆಗೆ ಕೊಟ್ಟರೆ ಇಲ್ಲಿಂದ ಹೊರಬೀಳುವ ಗ್ಯಾಸ್ ಅಲ್ಲಿಗೆ ಹೋಗುತ್ತದೆ, ಹೊರಗಾಳಿಗೆ ದಾರಿಯೇ ಇಲ್ಲ. ಗಾಜಿನ ಪಾತ್ರೆಗೆ ಮಾತ್ರ ಯಾವ ಕಾರಣಕ್ಕೂ ಒತ್ತಡ ಕೊಡಬೇಡಿ, ಸಿಡಿಯುತ್ತದೆ. ಗಿಡ್ಡ ಕೊಳವೆಯ ತುದಿಗಿಂತ ಎರಡು ಮೂರು ಸೆಂಟಿಮೀಟರ್ ಕೆಳಗೆ ನಿಲ್ಲಿಸಿ. ಅದಕ್ಕಿಂತ ಮೇಲೆ ತುಂಬಿದರೆ ಬಿಯರ್ ಗ್ಯಾಸ್ ಪೈಪಿನಲ್ಲಿ ಹಿಂದಕ್ಕೆ ಹರಿದು ರೆಗ್ಯುಲೇಟರ್ ಸೇರುತ್ತದೆ.

ಈಗ 30 ಪಿಎಸ್‌ಐ ಗ್ಯಾಸ್ ಒಮ್ಮೆ ಕೊಡಿ. ಪಿಎಸ್‌ಐ ಅಂದರೆ ಚದರ ಇಂಚಿಗೆ ಎಷ್ಟು ಪೌಂಡ್ ಎನ್ನುವ ಒತ್ತಡದ ಅಳತೆ; ಕಾರಿನ ಟೈರಿಗೆ ಹಾಕುವಷ್ಟೇ ಒತ್ತಡ ಇದು. ಕುಕ್ಕರ್ ಮುಚ್ಚಳದ ಹಾಗೆ ಕೆಗ್ಗಿನ ಮುಚ್ಚಳವೂ ಒಳಗಿನ ಒತ್ತಡಕ್ಕೇ ಬಿಗಿಯಾಗಿ ಕೂರುವುದು. ಮೊದಲೇ ಗಾಳಿ ತೆಗೆದಿರದಿದ್ದರೆ 30 ಪಿಎಸ್‌ಐ ತುಂಬಿ ಬಿಡುವುದನ್ನು ಹತ್ತು ಸಲ ಮಾಡಿ. ಒಂದೊಂದು ಸಲಕ್ಕೂ ತಲೆಭಾಗದ, ಅಂದರೆ ಬಿಯರಿನ ಮೇಲಿನ ಖಾಲಿ ಜಾಗದ ಆಮ್ಲಜನಕ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಐದು ಸಲಕ್ಕೆ ನಿಲ್ಲಿಸಿದರೆ ಹತ್ತು ಲಕ್ಷಕ್ಕೆ ಎಂಟುನೂರು ಪಾಲು ಇನ್ನೂ ಉಳಿದಿರುತ್ತದೆ, ಐಪಿಎಗೆ ಅಷ್ಟೂ ಜಾಸ್ತಿಯೇ.

ಗ್ಯಾಸ್ ಹಿಡಿಸುವುದು

ಇಲ್ಲಿ ಕೆಲಸ ಮಾಡುವುದು ತಂಪು, ಒತ್ತಡ, ಕಾಲ ಈ ಮೂರೇ. ಬಿಯರ್ ತಣ್ಣಗಿದ್ದಷ್ಟೂ ಕಡಿಮೆ ಒತ್ತಡಕ್ಕೇ ಹೆಚ್ಚು ಗ್ಯಾಸ್ ಕರಗುತ್ತದೆ. ಎಷ್ಟು ಕರಗಿದೆ ಎನ್ನುವುದನ್ನು ‘ವಾಲ್ಯೂಮ್’ ಲೆಕ್ಕದಲ್ಲಿ ಹೇಳುತ್ತಾರೆ: ಒಂದು ಲೀಟರ್ ಬಿಯರಿನಲ್ಲಿ ಎರಡೂವರೆ ಲೀಟರ್ ಗ್ಯಾಸ್ ಕರಗಿದ್ದರೆ 2.5 ವಾಲ್ಯೂಮ್. ಅಮೆರಿಕದ ಏಲ್, ಲಾಗರುಗಳಿಗೆ ಇದು ಸರಿಯಾದ ಅಳತೆ. ಇಂಗ್ಲಿಷ್ ಬಿಟರಿಗೆ 2 ಸಾಕು, ಜರ್ಮನಿಯ ಗೋಧಿ ಬಿಯರಿಗೆ 3.5ರವರೆಗೂ ಬೇಕು.

ಬಿಯರ್ 3 ಡಿಗ್ರಿ ಸೆಲ್ಸಿಯಸ್‌ನಲ್ಲಿದ್ದರೆ 2 ವಾಲ್ಯೂಮಿಗೆ 6 ಪಿಎಸ್‌ಐ, 2.5ಕ್ಕೆ 11, 3ಕ್ಕೆ 16, 3.5ಕ್ಕೆ 21. ಫ್ರಿಜ್ 7 ಡಿಗ್ರಿಯಲ್ಲಿದ್ದರೆ ಅದೇ 2.5ಕ್ಕೆ 15 ಪಿಎಸ್‌ಐ ಬೇಕು. ಫ್ರಿಜ್ ಇಲ್ಲದೆ 20 ಡಿಗ್ರಿ ಕೋಣೆಯಲ್ಲಾದರೆ 28. ಅಳೆಯಬೇಕಾದದ್ದು ಬಿಯರಿನ ಉಷ್ಣತೆಯೇ ಹೊರತು ಫ್ರಿಜ್ಜಿನ ಗಾಳಿಯದಲ್ಲ. ಒಂದು ಲೋಟ ನೀರು ಒಳಗಿಟ್ಟು, ಮರುದಿನ ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. ಸಮುದ್ರಮಟ್ಟದಿಂದ ಪ್ರತಿ 2,000 ಅಡಿ ಎತ್ತರಕ್ಕೆ ಮೀಟರಿನಲ್ಲಿ ಸುಮಾರು 1 ಪಿಎಸ್‌ಐ ಹೆಚ್ಚಿಗೆ ಇಡಬೇಕು. ಡೆನ್ವರಿನವರು ಎರಡೂವರೆ ಸೇರಿಸಿಕೊಳ್ಳಲಿ.

ಎಲ್ಲಕ್ಕಿಂತ ನೆಚ್ಚಬಹುದಾದ ದಾರಿ 11 ಪಿಎಸ್‌ಐಗೆ ಇಟ್ಟು ಹತ್ತು ಹದಿನಾಲ್ಕು ದಿನ ಮರೆತುಬಿಡುವುದು. ಎಷ್ಟು ದಿನ ಬಿಟ್ಟರೂ ಮಿತಿ ಮೀರುವುದಿಲ್ಲ. ಅಷ್ಟು ತಾಳ್ಮೆ ಇಲ್ಲದವರು ಚೆನ್ನಾಗಿ ತಣಿದ ಬಿಯರಿಗೆ 30 ಪಿಎಸ್‌ಐ 24 ಗಂಟೆ ಕೊಟ್ಟು, ಸಿಲಿಂಡರ್ ನಿಲ್ಲಿಸಿ, ತಲೆಭಾಗದ ಒತ್ತಡ ಬಿಟ್ಟು, 11ಕ್ಕೆ ಇಳಿಸಿ, ಇನ್ನೆರಡು ಮೂರು ದಿನ ಇಡಬಹುದು. ಒತ್ತಡ ಬಿಡದೆ ರೆಗ್ಯುಲೇಟರ್ ಮಾತ್ರ ತಿರುಗಿಸಿದರೆ ಒಳಗೆ ಮೂವತ್ತೇ ಉಳಿದಿರುತ್ತದೆ.

ಮೂರನೆಯದು ಕುಲುಕುವುದು. ಗೋಲಿ ಸೋಡಾ ಮಾಡುವವರು ಬಾಟಲಿಗಳನ್ನು ಗ್ಯಾಸಿಗೆ ಜೋಡಿಸಿ ಗರಗರ ತಿರುಗಿಸುವುದು ಇದಕ್ಕೇ: ಕುಲುಕಿದರೆ ಗ್ಯಾಸಿಗೆ ತಾಗುವ ಮೈ ಹೆಚ್ಚಿ ಬೇಗ ಕರಗುತ್ತದೆ. ಆದರೆ 30 ಪಿಎಸ್‌ಐ ಇಟ್ಟು ಕುಲುಕುವುದು ಜೂಜು, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಗುವುದಿಲ್ಲ. ಬೇಕಾದ 11ಕ್ಕೇ ಇಟ್ಟು, ರೆಗ್ಯುಲೇಟರಿನ ಸುಯ್ ಸದ್ದು ನಿಲ್ಲುವ ತನಕ ಕುಲುಕಿದರೆ ಅಳತೆ ಮೀರಲು ಸಾಧ್ಯವೇ ಇಲ್ಲ. ಕುಲುಕಿದಾಗ ತಳದ ಈಸ್ಟೂ ಏಳುತ್ತದೆ, ಕೂರಲು ಒಂದೆರಡು ದಿನ ಬೇಕು.

ರೆಗ್ಯುಲೇಟರಿನಲ್ಲಿ ಸಿಲಿಂಡರಿನ ಕಡೆಯ ಮೀಟರನ್ನು ಅಷ್ಟಾಗಿ ನಂಬಬೇಡಿ. ಸಿಲಿಂಡರಿನೊಳಗೆ ಇರುವುದು ದ್ರವ. ಅದು ಮುಗಿಯುವವರೆಗೂ ಕೋಣೆಯ ಬಿಸಿಗೆ 800 ಪಿಎಸ್‌ಐ ಆಸುಪಾಸು, ಫ್ರಿಜ್ಜಿನೊಳಗೆ 550ರ ಆಸುಪಾಸು ತೋರಿಸುತ್ತಲೇ ಇದ್ದು, ಕೊನೆಗೆ ಸರ್ರನೆ ಇಳಿಯುತ್ತದೆ. ಎಷ್ಟು ಉಳಿದಿದೆ ಎಂದು ತಿಳಿಯಬೇಕಾದರೆ ತೂಕ ಮಾಡಿ. 19 ಲೀಟರಿಗೆ ಗ್ಯಾಸ್ ಹಿಡಿಸಿ, ಕೊನೆಯ ಲೋಟದವರೆಗೂ ತಳ್ಳಲು ಸುಮಾರು 150 ಗ್ರಾಂ ಬೇಕು. ಗಾಳಿ ತೆಗೆಯಲು ಬಿಟ್ಟ ಗ್ಯಾಸೂ ಸೇರಿದರೆ ಒಂದು ಸಿಲಿಂಡರಿಗೆ ಹತ್ತು ಕೆಗ್ ಖಂಡಿತ. ಅದಕ್ಕಿಂತ ಕಡಿಮೆ ಬಂದರೆ ಎಲ್ಲೋ ಸೋರುತ್ತಿದೆ. ಸೋಪು ನೀರು ಸಿಂಪಡಿಸಿ ಗುಳ್ಳೆ ಹುಡುಕಿ. ಸಿಲಿಂಡರ್ ಮುಚ್ಚಿ, ಕೆಗ್ಗಿನ ಕಡೆಯ ಮೀಟರ್ ಇಳಿಯುತ್ತದೆಯೇ ನೋಡುವ ಪರೀಕ್ಷೆ ಗ್ಯಾಸ್ ಹಿಡಿದು ಮುಗಿದ ಬಿಯರಿಗೆ ಮಾತ್ರ. ಹಸಿ ಬಿಯರ್ ಗ್ಯಾಸ್ ಕುಡಿಯುತ್ತಿರುವಾಗ ಸೋರದಿದ್ದರೂ ಮುಳ್ಳು ಇಳಿಯುತ್ತದೆ.

ಬರೀ ನೊರೆ ಬಂದರೆ

ನೊರೆ ಬಂದ ತಕ್ಷಣ ಒತ್ತಡ ಇಳಿಸುವುದು ಎಲ್ಲರೂ ಮಾಡುವ ತಪ್ಪು. ಒತ್ತಡ ಇಳಿದರೆ ಕರಗಿದ್ದ ಗ್ಯಾಸ್ ಪೈಪಿನಲ್ಲೇ ಗುಳ್ಳೆಯಾಗಿ ಬಿಟ್ಟುಕೊಂಡು ನೊರೆ ಇನ್ನಷ್ಟಾಗುತ್ತದೆ, ವಾರದೊಳಗೆ ಬಿಯರ್ ಸಪ್ಪೆಯಾಗುತ್ತದೆ. ಸರಿಪಡಿಸಬೇಕಾದದ್ದು ಪೈಪಿನ ಉದ್ದ. ಕೆಗ್ಗಿನೊಳಗಿನ ಒತ್ತಡವನ್ನು ನಲ್ಲಿಗೆ ತಲುಪುವಷ್ಟರಲ್ಲಿ ಸವೆಸುವುದು ಪೈಪಿನ ಒಳಮೈಯ ತಿಕ್ಕಾಟ. 11–12 ಪಿಎಸ್‌ಐಗೆ ಮೂರು ಮೀಟರ್ ಹೊಂದುತ್ತದೆ. ಕಿಟ್ ಜೊತೆ ಬರುವ ಒಂದೂವರೆ ಮೀಟರ್ ಸಾಲದು. ಗೋಧಿ ಬಿಯರಿಗೆ ಇನ್ನೂ ಉದ್ದ ಬೇಕು.

ಮೊದಲ ಲೋಟ ಮಾತ್ರ ನೊರೆಯಾಗಿ ಎರಡನೆಯದು ಸರಿಯಾದರೆ ನಲ್ಲಿ, ಪೈಪು ಬೆಚ್ಚಗಿವೆ. ತಣ್ಣನೆ ಗಾಳಿ ತಳದಲ್ಲೇ ಕೂರುವುದರಿಂದ ಫ್ರಿಜ್ಜಿನೊಳಗೆ ಸಣ್ಣ ಫ್ಯಾನ್ ಇಟ್ಟರೆ ಸಾಕು. ಎಲ್ಲ ಲೋಟವೂ ನೊರೆ, ಪೈಪಿನಲ್ಲಿ ಕೆಗ್ಗಿನ ಕಡೆಯಿಂದಲೇ ಗುಳ್ಳೆ ಓಡುತ್ತಿದೆ ಎಂದಾದರೆ ಉದ್ದ ಕೊಳವೆಯ ಕುತ್ತಿಗೆಯ ರಿಂಗ್ ಹೋಗಿದೆ. ತಲೆಭಾಗದ ಗ್ಯಾಸ್ ಅಲ್ಲಿಂದ ನುಸುಳಿ ಬಿಯರಿಗೆ ಬೆರೆಯುತ್ತಿದೆ. ಹೊರಗೆ ಏನೂ ಸೋರದ ಕಾರಣ ಇದು ಸೋಪು ನೀರಿಗೂ ಸಿಕ್ಕುವುದಿಲ್ಲ. ಗ್ಯಾಸೇ ಅತಿಯಾಗಿದ್ದರೆ ಗ್ಯಾಸಿನ ಕನೆಕ್ಟರ್ ತೆಗೆದು, ದಿನಕ್ಕೆ ನಾಲ್ಕೈದು ಸಲ ವಾಲ್ವ್ ಎಳೆದು ಬಿಡುತ್ತಾ ಬನ್ನಿ. ಹನಿಯೂ ಬಾರದಿದ್ದರೆ ಪೋಸ್ಟಿನಲ್ಲಿ ಹಾಪ್ಸ್ ಚೂರು ಸಿಕ್ಕಿಕೊಂಡಿರುತ್ತದೆ. ನಲ್ಲಿಯನ್ನು ಪೂರ್ತಿ ತೆರೆದೇ ಸುರಿಯಿರಿ. ಅರ್ಧ ತೆರೆದ ನಲ್ಲಿಯೂ ನೊರೆಯ ಬುಗ್ಗೆಯೇ.

ಒಂದು ಎಚ್ಚರಿಕೆ. 2.27 ಕಿಲೋ ಗ್ಯಾಸ್ ಪೂರ್ತಿ ಸೋರಿದರೆ ಸುಮಾರು 1,240 ಲೀಟರ್ ಆಗುತ್ತದೆ. ಹತ್ತಡಿ ಉದ್ದ, ಹತ್ತಡಿ ಅಗಲ, ಎಂಟಡಿ ಎತ್ತರದ ಮುಚ್ಚಿದ ಕೋಣೆಯ ಗಾಳಿಯಲ್ಲಿ ಅದು ಶೇ 5ಕ್ಕೂ ಮೇಲೆ. ಅಮೆರಿಕದ ಕೆಲಸದ ಜಾಗಗಳ ಸುರಕ್ಷತಾ ಅಳತೆಯಲ್ಲಿ ಶೇ 4 ಮುಟ್ಟಿದರೇ ಜೀವಕ್ಕೆ ಅಪಾಯ. ಗ್ಯಾಸ್ ಗಾಳಿಗಿಂತ ಭಾರವಾದ್ದರಿಂದ ಬೇಸ್‌ಮೆಂಟಿನಲ್ಲಿ ನೆಲಕ್ಕೇ ನಿಲ್ಲುತ್ತದೆ. ಸಿಲಿಂಡರನ್ನು ನೆಟ್ಟಗೆ ನಿಲ್ಲಿಸಿ ಗೋಡೆಗೆ ಪಟ್ಟಿ ಕಟ್ಟಿ, ಮಲಗುವ ಕೋಣೆಯಲ್ಲಿ ಇಡಬೇಡಿ.

ಕೆಗ್ ಮುಗಿದ ದಿನವೇ ಒತ್ತಡ ಬಿಟ್ಟು, ತೆರೆದು, ಬಿಸಿನೀರಿನಲ್ಲಿ ಜಾಲಿಸಿ. ವಾರ ಬಿಟ್ಟರೆ ತಳದ ಈಸ್ಟು ಒಣಗಿ ಅಂಟುತ್ತದೆ. ಪೈಪು, ನಲ್ಲಿಗೂ ಅದೇ ಸರದಿಯಲ್ಲಿ ಪಿಬಿಡಬ್ಲ್ಯೂ, ಸ್ಟಾರ್ ಸ್ಯಾನ್ ಹರಿಸಿ. ತೊಳೆದ ಕೆಗ್ಗಿಗೆ ಒಂದು ಲೀಟರ್ ಸ್ಟಾರ್ ಸ್ಯಾನ್ ಹಾಕಿ 10 ಪಿಎಸ್‌ಐ ಗ್ಯಾಸ್ ತುಂಬಿ ಮೂಲೆಗಿಡಿ. ಮುಂದಿನ ಸಲ ವಾಲ್ವ್ ಎಳೆದಾಗ ‘ಪಸ್’ ಎಂದರೆ ರಿಂಗುಗಳೆಲ್ಲ ಗಟ್ಟಿಯಾಗಿವೆ; ಏನೂ ಸದ್ದು ಬಾರದಿದ್ದರೆ ಬಿಯರ್ ತುಂಬುವ ಮೊದಲೇ ಸೋರುವ ಜಾಗ ಹುಡುಕಿ.